ಮಕ್ಕಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್: ಮುಂದಿನ ಊನತೆಯ ಮೊದಲ ಸೂಚನೆಗಳು

ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ ಬಿಟ್ಟಂಗಾಲ ಸಿಗುತ್ತದೆ. ಕಾಫಿ ತೋಟಗಳ ನಡುವೆ ದೂರದೂರಕ್ಕೆ ಹರಡಿಕೊಂಡ ಮನೆಗಳಿರುವ ಊರು. ಇಂಥ ಊರೊಂದರ ಒಂಬತ್ತನೆಯ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಒಂದು ದಿನ ಅವಳಿಗೆ ಬಲಗಣ್ಣು ಮಂಜಾಗುತ್ತದೆ. ಕಣ್ಣು ಹೊರಳಿಸಿದರೆ ನೋವು. ಎಡಗಣ್ಣಿನಲ್ಲಿ ಕಡುಕೆಂಪಾಗಿ ಕಾಣುವ ಶಾಯಿ ಬಲಗಣ್ಣಿಗೆ ಮಾಸಲಾಗಿ ಕಾಣುತ್ತದೆ. ಮೂರು ನಾಲ್ಕು ವಾರಗಳಲ್ಲಿ ದೃಷ್ಟಿ ತಾನಾಗಿ ಮರಳುತ್ತದೆ; ಮನೆಯವರು ಮರೆತುಬಿಡುತ್ತಾರೆ. ಎಂಟು ತಿಂಗಳ ನಂತರ ಎರಡೂ ಕಾಲುಗಳಲ್ಲಿ ಜೋಮು, ನಡೆಯುವಾಗ ತೂರಾಟ. ಅದೂ ಕಡಿಮೆಯಾಗುತ್ತದೆ, ಆದರೆ ಈ ಸಲ ಪೂರ್ತಿಯಾಗಿ ಅಲ್ಲ.

ಕಣ್ಣಿಗೂ ಕಾಲಿಗೂ ಏನು ಸಂಬಂಧ? ಎರಡೂ ಒಂದೇ ರೋಗದ ಎರಡು ಮುಖಗಳಾಗಿರಬಹುದು. ಹಾಗಿದ್ದರೆ ಇನ್ನೂ ಕಠಿಣವಾದ ಪ್ರಶ್ನೆ ಎದುರಾಗುತ್ತದೆ: ಇಪ್ಪತ್ತು ವರ್ಷಗಳ ನಂತರ ಈ ಹುಡುಗಿ ಹೇಗೆ ನಡೆಯುತ್ತಾಳೆ? ಇದನ್ನು ಮೊದಲ ಒಂದೆರಡು ವರ್ಷಗಳಲ್ಲೇ ಅಂದಾಜು ಮಾಡಲು ಸಾಧ್ಯವೆ? ಮಕ್ಕಳ ನರರೋಗ ತಜ್ಞರು ಕಳೆದ ಎರಡು ದಶಕಗಳಿಂದ ಉತ್ತರ ಹುಡುಕುತ್ತಿರುವುದು ಈ ಪ್ರಶ್ನೆಗೇ.

ತಂತಿಯ ಹೊದಿಕೆ ಕಳಚಿದಾಗ

ನಮ್ಮ ಮಿದುಳು ಮತ್ತು ಮಿದುಳುಬಳ್ಳಿಯ ಬಹುಪಾಲು ಉದ್ದನೆಯ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಇರುತ್ತದೆ. ಆಲಿಗೊಡೆಂಡ್ರೊಸೈಟ್ ಎಂಬ ಜೀವಕೋಶಗಳು ಇದನ್ನು ಪದರ ಪದರವಾಗಿ ಸುತ್ತುತ್ತವೆ. ಹೊದಿಕೆ ಉದ್ದಕ್ಕೂ ಅಖಂಡವಾಗಿಲ್ಲ. ನಡುನಡುವೆ ಸಣ್ಣ ತೆರಪುಗಳಿವೆ. ಇವೇ ರಾನ್ವಿಯೆ ಗಿಣ್ಣುಗಳು. ವಿದ್ಯುತ್ ಸಂಕೇತ ಗಿಣ್ಣಿನಿಂದ ಗಿಣ್ಣಿಗೆ ನೆಗೆಯುತ್ತ ಸಾಗುತ್ತದೆ. ಹೊದಿಕೆಯಿಲ್ಲದ ತೆಳು ತಂತುವಿನಲ್ಲಿ ಸಂಕೇತದ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಮಾತ್ರ. ದಪ್ಪ ಹೊದಿಕೆಯ ತಂತುವಿನಲ್ಲಿ ಅದು ಸೆಕೆಂಡಿಗೆ 100 ಮೀಟರ್ ವರೆಗೂ ಹೋಗಬಲ್ಲದು.

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯ ಬಿಳಿ ರಕ್ತಕೋಶಗಳೇ ದಾರಿತಪ್ಪಿ ಈ ಮಯಲಿನ್ ಮೇಲೆ ಎರಗುತ್ತವೆ. ಹೊದಿಕೆ ಕಳಚಿದ ಕಡೆ ಸಂಕೇತ ನಿಧಾನವಾಗುತ್ತದೆ ಅಥವಾ ನಿಂತೇಹೋಗುತ್ತದೆ. ಉರಿಯೂತ ಇಳಿದಾಗ ಮಯಲಿನ್ ಸ್ವಲ್ಪಮಟ್ಟಿಗೆ ಮತ್ತೆ ಬೆಳೆಯುತ್ತದೆ, ರೋಗಿ ಚೇತರಿಸಿಕೊಳ್ಳುತ್ತಾನೆ. ಆದರೆ ಹೊದಿಕೆಯ ಜೊತೆಗೆ ಒಳಗಿನ ತಂತುವೇ ತುಂಡಾದರೆ ಅದು ಮರಳಿ ಬರುವುದಿಲ್ಲ. ಹಾನಿಯಾದ ಜಾಗಗಳು ಕಾಲಕ್ರಮದಲ್ಲಿ ಗಡಸು ಕಲೆಗಳಾಗುತ್ತವೆ. ಹೀಗೆ ಹಲವೆಡೆ ಗಡಸಾಗುವುದರಿಂದಲೇ ಈ ಹೆಸರು. ಇದನ್ನು 1868ರಲ್ಲಿ ಒಂದು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ವಿವರಿಸಿದವರು ಪ್ಯಾರಿಸ್ಸಿನ ವೈದ್ಯ ಜ್ಯಾಂ ಮಾರ್ಟಿನ್ ಶಾರ್ಕೊ. ಮುಂದೆ ಇದನ್ನು ಸಂಕ್ಷೇಪವಾಗಿ ಎಂ.ಎಸ್. ಎಂದು ಕರೆಯೋಣ.

ಒಂದು ದಾಳಿ ಎಂದು ಕರೆಯಬೇಕಾದರೆ ತೊಂದರೆ ಕನಿಷ್ಠ 24 ಗಂಟೆ ಇರಬೇಕು; ಜ್ವರ ಅಥವಾ ಸೋಂಕಿನ ನೇರ ಪರಿಣಾಮವಾಗಿರಬಾರದು. ಎರಡು ದಾಳಿಗಳ ನಡುವೆ ಕನಿಷ್ಠ 30 ದಿನಗಳ ಅಂತರವಿರಬೇಕು. ಹಾನಿ ಒಂದಕ್ಕಿಂತ ಹೆಚ್ಚು ಜಾಗಗಳಲ್ಲಿ, ಒಂದಕ್ಕಿಂತ ಹೆಚ್ಚು ಕಾಲಗಳಲ್ಲಿ ಆಗಿದೆ ಎಂದು ತೋರಿಸುವುದೇ ರೋಗನಿರ್ಣಯದ ತಿರುಳು. 2001ರಲ್ಲಿ ಪ್ರಕಟವಾದ ಮೆಕ್‌ಡೊನಾಲ್ಡ್ ಮಾನದಂಡಗಳು ಇದಕ್ಕೆ ಎಂ.ಆರ್.ಐ. ಚಿತ್ರಗಳನ್ನೂ ಸೇರಿಸಿದವು. ಅಲ್ಲಿಂದೀಚೆಗೆ ಅವು ಹಲವು ಸಲ ಪರಿಷ್ಕೃತವಾಗಿವೆ.

ಮಕ್ಕಳಲ್ಲಿ ಏನು ಭಿನ್ನ?

ಎಂ.ಎಸ್. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಆರಂಭವಾಗುವ ರೋಗ. ಒಟ್ಟು ರೋಗಿಗಳಲ್ಲಿ ಸುಮಾರು ಶೇಕಡಾ 3ರಿಂದ 10ರಷ್ಟು ಜನರಲ್ಲಿ ಮಾತ್ರ ಅದು 18 ತುಂಬುವ ಮೊದಲೇ ತಲೆದೋರುತ್ತದೆ. ಪ್ರೌಢಾವಸ್ಥೆಗೆ ಮೊದಲು ಹುಡುಗ ಹುಡುಗಿಯರಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಸಮ. ಅನಂತರ ಹುಡುಗಿಯರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಮಕ್ಕಳ ರೋಗ ಬಹುತೇಕ ಯಾವಾಗಲೂ ಬಂದು ಹೋಗುವ ದಾಳಿಗಳ ರೂಪದಲ್ಲೇ ಶುರುವಾಗುತ್ತದೆ. ಅವರಲ್ಲಿ ದಾಳಿಗಳೂ ಹೆಚ್ಚು. ಅಮೆರಿಕದ ಬಾಸ್ಟನ್ನಿನ ತಂಡವೊಂದು 2009ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಮಕ್ಕಳಲ್ಲಿ ವರ್ಷಕ್ಕೆ ಸರಾಸರಿ 1.13 ದಾಳಿಗಳಿದ್ದರೆ ವಯಸ್ಕರಲ್ಲಿ 0.40 ಇದ್ದವು. ಹೀಗಿದ್ದರೂ ಮಕ್ಕಳು ಪ್ರತಿ ದಾಳಿಯಿಂದ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಬೆಳೆಯುತ್ತಿರುವ ಮಿದುಳಿಗೆ ದುರಸ್ತಿಯ ಶಕ್ತಿ ಹೆಚ್ಚು. ಒಂದು ದಾರಿ ಮುಚ್ಚಿದರೆ ಬದಲಿ ದಾರಿ ಹುಡುಕುವ ಸಾಮರ್ಥ್ಯವೂ ಹೆಚ್ಚು.

ಈ ಚೇತರಿಕೆಯೇ ಹಿಂದೆ ಒಂದು ತಪ್ಪು ಭರವಸೆಗೆ ಕಾರಣವಾಗಿತ್ತು. ಮಕ್ಕಳ ಎಂ.ಎಸ್. ಸೌಮ್ಯ ಎಂಬ ಅಭಿಪ್ರಾಯ ಬೆಳೆದಿತ್ತು. 2007ರಲ್ಲಿ ಫ್ರಾನ್ಸಿನ ಕ್ರಿಸ್ಟೆಲ್ ರೆನೂ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನು ಸರಿಪಡಿಸಿತು. ಅವರು 16 ವರ್ಷ ಅಥವಾ ಅದಕ್ಕೂ ಮೊದಲೇ ರೋಗ ಆರಂಭವಾದ 394 ಜನರನ್ನು ವಯಸ್ಕರಾಗಿ ರೋಗಕ್ಕೆ ತುತ್ತಾದವರೊಂದಿಗೆ ಹೋಲಿಸಿದರು. ಬಾಲ್ಯದಲ್ಲಿ ರೋಗ ಬಂದವರು ಮರಳಿ ಬಾರದ ಊನತೆಯ ಹಂತ ಮುಟ್ಟಲು ಸುಮಾರು 10 ವರ್ಷ ಹೆಚ್ಚು ತೆಗೆದುಕೊಂಡಿದ್ದರು. ಆದರೆ ಆ ಹಂತ ಮುಟ್ಟಿದಾಗ ಅವರ ವಯಸ್ಸು ಇತರರಿಗಿಂತ ಸುಮಾರು 10 ವರ್ಷ ಕಡಿಮೆ ಇತ್ತು. ಓಟ ನಿಧಾನವಾದರೂ ಹೊರಟದ್ದು ಬಹಳ ಮೊದಲೇ ಆದ್ದರಿಂದ ಗುರಿಯೂ ಬೇಗ ಬರುತ್ತದೆ.

ಊನತೆಯನ್ನು ಅಳೆಯುವುದು ಹೇಗೆ?

ಮುನ್ಸೂಚನೆ ಹೇಳುವ ಮೊದಲು ಊನತೆಗೆ ಒಂದು ಅಳತೆ ಬೇಕು. ಅಮೆರಿಕದ ನರರೋಗ ತಜ್ಞ ಜಾನ್ ಕುರ್ಟ್ಸ್‌ಕೆ 1983ರಲ್ಲಿ ವಿಸ್ತರಿಸಿದ ಅಳತೆಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಇದನ್ನು ಇ.ಡಿ.ಎಸ್.ಎಸ್. ಎನ್ನುತ್ತಾರೆ. ಸೊನ್ನೆ ಎಂದರೆ ಪರೀಕ್ಷೆಯಲ್ಲಿ ಯಾವ ದೋಷವೂ ಇಲ್ಲ; 10 ಎಂದರೆ ರೋಗದಿಂದ ಸಾವು. 4 ಎಂದರೆ ನಡಿಗೆಗೆ ಮಿತಿ ಬಿದ್ದಿದ್ದರೂ ಆಸರೆಯಿಲ್ಲದೆ ಸುಮಾರು 500 ಮೀಟರ್ ನಡೆಯಬಲ್ಲರು. 6 ಎಂದರೆ 100 ಮೀಟರ್ ನಡೆಯಲು ಊರುಗೋಲು ಬೇಕು. 7ರಲ್ಲಿ ಗಾಲಿಕುರ್ಚಿ ಅನಿವಾರ್ಯ.

ರೆನೂ ಅಧ್ಯಯನದಲ್ಲಿ ಬಾಲ್ಯದಲ್ಲಿ ರೋಗ ಬಂದವರ ಮಧ್ಯಾಂಕ ಕಾಲ 4ನೆಯ ಹಂತಕ್ಕೆ 20 ವರ್ಷ, 6ನೆಯ ಹಂತಕ್ಕೆ ಸುಮಾರು 29 ವರ್ಷ. ವಯಸ್ಸಿನ ಲೆಕ್ಕದಲ್ಲಿ ಇವು ಸುಮಾರು 35 ಮತ್ತು 42. ಮಧ್ಯಾಂಕ ಎಂಬ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅರ್ಧದಷ್ಟು ಜನ ಅದಕ್ಕಿಂತ ಮೊದಲೇ ಆ ಹಂತ ಮುಟ್ಟಿದರು, ಉಳಿದ ಅರ್ಧದಷ್ಟು ಜನ ಅನಂತರ ಮುಟ್ಟಿದರು ಅಥವಾ ಮುಟ್ಟಲೇ ಇಲ್ಲ. ಇನ್ನೊಂದು ಎಚ್ಚರ: ಈ ಅಳತೆ ಅಡಿಕೋಲಿನಂತೆ ಸಮಾನ ಅಂತರಗಳದ್ದಲ್ಲ. 1ರಿಂದ 2ಕ್ಕೆ ಏರುವುದಕ್ಕೂ 5ರಿಂದ 6ಕ್ಕೆ ಏರುವುದಕ್ಕೂ ರೋಗಿಯ ಬದುಕಿನಲ್ಲಿ ಅಜಗಜಾಂತರ. ಅಲ್ಲದೆ ಅಳತೆ ಕಾಲಿನ ಕಡೆಗೆ ವಾಲಿದೆ. ಕಲಿಕೆಯ ತೊಂದರೆಯನ್ನು ಅದು ಸರಿಯಾಗಿ ಹಿಡಿಯುವುದಿಲ್ಲ.

ಮೊದಲ ಸೂಚನೆಗಳು ಯಾವುವು?

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕೆಲವು ಅಂಶಗಳು ಮತ್ತೆ ಮತ್ತೆ ಕಾಣಿಸುತ್ತವೆ.

ಮೊದಲನೆಯದು, ಮೊದಲ ದಾಳಿಯಿಂದ ಚೇತರಿಕೆ ಎಷ್ಟು ಪೂರ್ಣ ಎಂಬುದು. ದಾಳಿ ಇಳಿದ ಮೇಲೂ ಕೊರತೆ ಉಳಿದಿದ್ದರೆ ನರತಂತುಗಳೇ ಹಾನಿಗೊಂಡಿವೆ, ದುರಸ್ತಿ ಶಕ್ತಿ ಸಾಲದಾಗಿದೆ ಎಂದರ್ಥ. ಮುಂದಿನ ದಾಳಿಗಳಲ್ಲೂ ಹೀಗೇ ಆಗುವ ಸಂಭವ ಹೆಚ್ಚು.

ಎರಡನೆಯದು, ಮೊದಲ ಮತ್ತು ಎರಡನೆಯ ದಾಳಿಯ ನಡುವಿನ ಕಾಲ. ಫ್ರಾನ್ಸಿನಲ್ಲಿ 197 ಮಕ್ಕಳನ್ನು ಅನುಸರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದೊಳಗೇ ಎರಡನೆಯ ದಾಳಿಯಾದ ಮಕ್ಕಳಿಗೆ ರೋಗ ತೀವ್ರವಾಗುವ ಸಂಭವ ಹೆಚ್ಚಿತ್ತು. ಮೊದಲ ಎರಡು ವರ್ಷಗಳಲ್ಲಿ ಆಗುವ ದಾಳಿಗಳ ಸಂಖ್ಯೆಯೂ ಇದೇ ಮಾತನ್ನು ಹೇಳುತ್ತದೆ.

ಮೂರನೆಯದು, ಹಾನಿಯಾದ ಜಾಗ. ಮಿದುಳಿನ ಅರೆಗೋಳಗಳಲ್ಲಿ ಬಿಳಿ ಭಾಗ ವಿಶಾಲ. ಅಲ್ಲಿ ಒಂದು ಕಲೆ ಬಿದ್ದರೂ ಹೊರಗೆ ಏನೂ ಕಾಣದಿರಬಹುದು. ಮಿದುಳುಕಾಂಡ ಮತ್ತು ಮಿದುಳುಬಳ್ಳಿ ಹಾಗಲ್ಲ. ಬೆರಳಿನಷ್ಟು ದಪ್ಪದ ಆ ಬಳ್ಳಿಯಲ್ಲಿ ಕೈಕಾಲುಗಳ ಎಲ್ಲ ತಂತುಗಳೂ ಒತ್ತೊತ್ತಾಗಿ ಹಾದುಹೋಗುತ್ತವೆ. ಅಲ್ಲಿ ಸಣ್ಣ ಕಲೆ ಬಿದ್ದರೂ ನಷ್ಟ ದೊಡ್ಡದು. ಬದಲಿ ದಾರಿಯೂ ಇಲ್ಲ. ಆದ್ದರಿಂದ ಕತ್ತಿನ ಭಾಗದ ಮಿದುಳುಬಳ್ಳಿ, ಮಿದುಳುಕಾಂಡ ಹಾಗೂ ಕಿರುಮಿದುಳಿನ ಕಲೆಗಳನ್ನು ವೈದ್ಯರು ಗಂಭೀರವಾಗಿ ನೋಡುತ್ತಾರೆ.

ನಾಲ್ಕನೆಯದು, ಕಲೆಗಳ ಸಂಖ್ಯೆ ಮತ್ತು ಹೊಸ ಕಲೆಗಳ ಹುಟ್ಟು. ಎಂ.ಆರ್.ಐ.ನಲ್ಲಿ ಕಾಣುವ ಹೊಸ ಕಲೆಗಳೆಲ್ಲ ದಾಳಿಯಾಗಿ ಹೊರಬರುವುದಿಲ್ಲ. ಮಗು ಆರಾಮವಾಗಿ ಆಡುತ್ತಿರುವಾಗಲೂ ಒಳಗೆ ರೋಗ ಮುಂದುವರಿಯುತ್ತಿರಬಹುದು. ಇಟಲಿಯ ಮಿಲಾನ್ ನಗರದ ತಂಡವೊಂದು ಒಂಬತ್ತು ವರ್ಷಗಳ ಅನುಸರಣೆಯ ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿತು. ಊನತೆ ಹೆಚ್ಚುವುದನ್ನು ಮುಂಚಿತವಾಗಿ ತೋರಿಸಿದ ಅಂಶಗಳಲ್ಲಿ ಮುಖ್ಯವಾದವು: ಆರಂಭದಲ್ಲೇ ದೃಷ್ಟಿನರದಲ್ಲಿ ಕಲೆ, ಮೊದಲ ವರ್ಷದಲ್ಲಿ ಇ.ಡಿ.ಎಸ್.ಎಸ್. ಅಂಕದ ಏರಿಕೆ, ಎರಡು ವರ್ಷಗಳಲ್ಲಿ ಎರಡು ಅಥವಾ ಹೆಚ್ಚು ಹೊಸ ಕಲೆಗಳು.

ಇಲ್ಲಿ ಒಂದು ಸ್ವಾರಸ್ಯವಿದೆ. ಕಣ್ಣಿನಿಂದ ಆರಂಭವಾದ ರೋಗ ಸೌಮ್ಯವಾದುದು ಎಂದು ವಯಸ್ಕರ ಅನುಭವದಿಂದ ಬಹುಕಾಲ ಹೇಳಲಾಗುತ್ತಿತ್ತು. ಮಕ್ಕಳಲ್ಲಿ ಅದನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಒಂದೇ ಚಿಹ್ನೆ ಬೇರೆ ಬೇರೆ ವಯಸ್ಸಿನಲ್ಲಿ ಬೇರೆ ಅರ್ಥ ಕೊಡಬಹುದು. ವಯಸ್ಕರ ಕೋಷ್ಟಕವನ್ನು ಮಕ್ಕಳಿಗೆ ಎರವಲು ತರಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಐದನೆಯ ಸೂಚನೆ ರಕ್ತದಲ್ಲಿದೆ. ನರತಂತು ಒಡೆದಾಗ ಅದರೊಳಗಿನ ನ್ಯೂರೊಫಿಲಮೆಂಟ್ ಎಂಬ ಎಳೆಪ್ರೋಟೀನಿನ ತುಣುಕುಗಳು ಹೊರಬಿದ್ದು ರಕ್ತಕ್ಕೆ ಸೇರುತ್ತವೆ. ಒಂದು ಮಿಲಿಲೀಟರಿನಲ್ಲಿ ಕೆಲವೇ ಪಿಕೊಗ್ರಾಮ್, ಅಂದರೆ ಗ್ರಾಮಿನ ಲಕ್ಷಕೋಟಿಯ ಕೆಲವು ಭಾಗಗಳಷ್ಟು ಇದ್ದರೂ ಇಂದಿನ ಉಪಕರಣಗಳು ಅದನ್ನು ಅಳೆಯಬಲ್ಲವು. ಅದರ ಮಟ್ಟ ಹೆಚ್ಚಿದ್ದರೆ ತಂತುಗಳು ನಾಶವಾಗುತ್ತಿವೆ ಎಂದು ತಿಳಿಯಬಹುದು. ಆದರೆ ಇತರ ನರರೋಗಗಳಲ್ಲೂ ಇದು ಏರುತ್ತದೆ. ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಒಂಟಿಯಾಗಿ ಇದನ್ನೇ ನಂಬುವಂತಿಲ್ಲ.

ಈ ಎಲ್ಲ ಸೂಚನೆಗಳೂ ಸಂಭವನೀಯತೆಯ ಮಾತುಗಳು. ನೂರು ಮಕ್ಕಳ ಗುಂಪಿಗೆ ಏನಾಗಬಹುದೆಂದು ಹೇಳುತ್ತವೆಯೇ ಹೊರತು ಎದುರಿಗೆ ಕುಳಿತ ಒಂದು ಮಗುವಿನ ಹಣೆಬರಹವನ್ನಲ್ಲ. ಮೋಡ ಕವಿದಾಗ ಕೊಡೆ ತೆಗೆದುಕೊಂಡು ಹೋಗುತ್ತೇವೆ. ಮಳೆ ಬಂದೇ ಬರುತ್ತದೆ ಎಂದಲ್ಲ. ಇಲ್ಲಿ ಕೊಡೆ ಎಂದರೆ ಸರಿಯಾದ ಚಿಕಿತ್ಸೆ.

ಅಂಕಪಟ್ಟಿಯಲ್ಲಿ ಕಾಣುವ ಸೂಚನೆ

ಬಾಲ್ಯದ ಎಂ.ಎಸ್. ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಗಮನ, ನೆನಪು, ಮಾಹಿತಿಯನ್ನು ಬೇಗ ಗ್ರಹಿಸುವ ಶಕ್ತಿಗಳಲ್ಲಿ ಕೊರತೆ ಕಂಡುಬರುತ್ತದೆ. ಕಾಲು ಚೆನ್ನಾಗಿದ್ದು ಇ.ಡಿ.ಎಸ್.ಎಸ್. ಅಂಕ ಕಡಿಮೆ ಇದ್ದಾಗಲೂ ಇದು ಇರಬಹುದು. ಇದನ್ನು ಅಳೆಯಲು ಒಂದು ಸರಳ ಪರೀಕ್ಷೆಯಿದೆ. ಒಂಬತ್ತು ಚಿಹ್ನೆಗಳಿಗೆ ಒಂಬತ್ತು ಅಂಕಿಗಳನ್ನು ಜೋಡಿಸಿದ ಪಟ್ಟಿ ಮೇಲಿರುತ್ತದೆ. ಕೆಳಗೆ ಕೊಟ್ಟ ಚಿಹ್ನೆಗಳಿಗೆ 90 ಸೆಕೆಂಡಿನಲ್ಲಿ ಎಷ್ಟು ಅಂಕಿಗಳನ್ನು ಸರಿಯಾಗಿ ಹೇಳುತ್ತಾರೆ ಎಂದು ಎಣಿಸುತ್ತಾರೆ. ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಬಾಲ್ಯದಲ್ಲಿ ರೋಗ ಬಂದವರಲ್ಲಿ ಈ ಅಂಕ ವಯಸ್ಕರಾಗಿ ರೋಗ ಬಂದವರಿಗಿಂತ ವೇಗವಾಗಿ ಕುಸಿಯುತ್ತದೆ ಎಂದು ತೋರಿಸಿತು. ಕಲಿಕೆಯ ವಯಸ್ಸಿನಲ್ಲೇ ಹೊಡೆತ ಬೀಳುವುದರಿಂದ ಇದು ಆಶ್ಚರ್ಯವಲ್ಲ. ಬೆಳವಣಿಗೆಯ ಹಂತದಲ್ಲಿ ಮಿದುಳಿನಲ್ಲಿ ಮಯಲಿನ್ ಇನ್ನೂ ಸುತ್ತಿಕೊಳ್ಳುತ್ತಿರುತ್ತದೆ.

ಹಾಗಾಗಿ ಒಂದು ಮುಖ್ಯ ಸೂಚನೆ ಆಸ್ಪತ್ರೆಗಿಂತ ಮೊದಲು ಶಾಲೆಯಲ್ಲಿ ಕಾಣಬಹುದು. ಚೆನ್ನಾಗಿ ಓದುತ್ತಿದ್ದ ಮಗು ಉತ್ತರ ಗೊತ್ತಿದ್ದೂ ಸಮಯದೊಳಗೆ ಬರೆದು ಮುಗಿಸದಿರುವುದು, ಮಧ್ಯಾಹ್ನದ ಹೊತ್ತಿಗೆ ತೀರ ದಣಿಯುವುದು ಸೋಮಾರಿತನವಲ್ಲದಿರಬಹುದು.

ನಮ್ಮ ಕರಾವಳಿಯ ಲೆಕ್ಕ

ಎಂ.ಎಸ್. ತಂಪು ದೇಶಗಳ ಬಿಳಿಯರ ರೋಗ, ಭಾರತದಲ್ಲಿ ಅಪರೂಪ ಎಂಬ ನಂಬಿಕೆ ಬಹುಕಾಲ ಇತ್ತು. ಎಂ.ಆರ್.ಐ. ಯಂತ್ರಗಳು ಹೆಚ್ಚಿದಂತೆ ಈ ನಂಬಿಕೆ ಸಡಿಲವಾಯಿತು. ಮಂಗಳೂರಿನ ನರರೋಗ ತಜ್ಞೆ ಲೇಖಾ ಪಂಡಿತ್ ಮತ್ತು ಸಂಗಡಿಗರು ಮಂಗಳೂರು ನಗರ ಪ್ರದೇಶದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಂದು ಲಕ್ಷ ಜನರಿಗೆ 8.35 ಎಂ.ಎಸ್. ರೋಗಿಗಳು ಕಂಡುಬಂದರು. ಅದರ ಜೊತೆಗೇ ನ್ಯೂರೊಮಯಲೈಟಿಸ್ ಆಪ್ಟಿಕಾ ಎಂಬ ಹತ್ತಿರದ ರೋಗ ಲಕ್ಷಕ್ಕೆ 2.6 ಇತ್ತು.

ಈ ಪ್ರಮಾಣವನ್ನೇ ಕೊಡಗಿಗೆ ಅನ್ವಯಿಸಿ ಒಂದು ಅಂದಾಜು ಮಾಡಬಹುದು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5.54 ಲಕ್ಷ. 8.35ರಿಂದ ಗುಣಿಸಿದರೆ ಸುಮಾರು 46 ಎಂ.ಎಸ್. ರೋಗಿಗಳು. ಇವರಲ್ಲಿ ಶೇಕಡಾ 3ರಿಂದ 10ರಷ್ಟು ಜನರಿಗೆ ಬಾಲ್ಯದಲ್ಲೇ ರೋಗ ಆರಂಭವಾಯಿತೆಂದರೆ ಒಂದರಿಂದ ಐದು ಮಂದಿ. ಇದು ಸಮೀಕ್ಷೆಯಲ್ಲ, ಕಾಗದದ ಮೇಲಿನ ಲೆಕ್ಕ. ಆದರೂ ಕಷ್ಟ ಎಲ್ಲಿದೆ ಎಂದು ಇದು ತೋರಿಸುತ್ತದೆ. ಜಿಲ್ಲೆಯ ಶಿಕ್ಷಕರೊಬ್ಬರು ಅಥವಾ ಊರಿನ ವೈದ್ಯರೊಬ್ಬರು ಇಡೀ ವೃತ್ತಿಜೀವನದಲ್ಲಿ ಇಂಥ ಒಂದು ಮಗುವನ್ನೂ ಕಾಣದಿರಬಹುದು, ಕಂಡಾಗ ಗುರುತಿಸದಿರಬಹುದು.

ನ್ಯೂರೊಮಯಲೈಟಿಸ್ ಆಪ್ಟಿಕಾದ ಮಾತು ಬಂದದ್ದಕ್ಕೆ ಕಾರಣವಿದೆ. ಅದೂ ದೃಷ್ಟಿನರ ಮತ್ತು ಮಿದುಳುಬಳ್ಳಿಗೆ ಎರಗುತ್ತದೆ. ಆದರೆ ಅದರಲ್ಲಿ ಗುರಿ ಮಯಲಿನ್ ಅಲ್ಲ, ಅಕ್ವಪೋರಿನ್-4 ಎಂಬ ನೀರಿನ ಕಾಲುವೆ ಪ್ರೋಟೀನು. ಮಕ್ಕಳಲ್ಲಿ ಇನ್ನೊಂದು ರೋಗವೂ ಇದೆ: ಎಂ.ಒ.ಜಿ. ಎಂಬ ಮಯಲಿನ್ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳು ಹುಟ್ಟುವುದು. ಮೊದಲ ಸಲ ಮಯಲಿನ್ ಹಾನಿಯೊಂದಿಗೆ ಬರುವ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗದವರಲ್ಲಿ ಈ ಪ್ರತಿಕಾಯಗಳು ಸಿಗುತ್ತವೆ. ಮಂಪರು, ಗೊಂದಲ, ಸೆಳವುಗಳೊಂದಿಗೆ ಆರಂಭವಾದ ಚಿಕ್ಕ ಮಕ್ಕಳ ರೋಗ ಎಂ.ಎಸ್. ಅಲ್ಲದಿರುವ ಸಂಭವವೇ ಹೆಚ್ಚು.

ಹೆಸರು ಬೇರೆಯಾದರೆ ಭವಿಷ್ಯವೂ ಬೇರೆ. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮೋಡ್‌ನಂಥ ಔಷಧಗಳು ನ್ಯೂರೊಮಯಲೈಟಿಸ್ ಆಪ್ಟಿಕಾವನ್ನು ಉಲ್ಬಣಿಸಬಹುದು. ಆದ್ದರಿಂದ ಊನತೆಯ ಮುನ್ಸೂಚನೆ ಹೇಳುವ ಮೊದಲು ರಕ್ತದ ಪ್ರತಿಕಾಯ ಪರೀಕ್ಷೆಯಿಂದ ರೋಗ ಯಾವುದೆಂದು ಖಚಿತಪಡಿಸಬೇಕು. ಮಂಗಳೂರಿನ ತಂಡ ಇಂಥ ರೋಗಿಗಳ ದಾಖಲಾತಿಯನ್ನು ಬೆಳೆಸಿ, ಪ್ರತಿಕಾಯ ಪರೀಕ್ಷೆಯನ್ನೂ ರೂಪಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಿಂದಲೂ ಈ ರೋಗಗಳ ಬಗ್ಗೆ ಅಧ್ಯಯನಗಳು ಬಂದಿವೆ.

ಸೂಚನೆಯಿಂದ ಪ್ರಯೋಜನವೇನು?

ದಾಳಿಯಾದಾಗ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಮೂರರಿಂದ ಐದು ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಇದು ಚೇತರಿಕೆಯನ್ನು ಬೇಗ ತರುತ್ತದೆ, ಆದರೆ ರೋಗದ ದೀರ್ಘಕಾಲದ ಗತಿಯನ್ನು ಬದಲಿಸುವುದಿಲ್ಲ. ಅದಕ್ಕೆ ದಾಳಿಗಳನ್ನು ತಡೆಯುವ ಔಷಧ ಬೇಕು. 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 10ರಿಂದ 17 ವರ್ಷದ 215 ಮಕ್ಕಳನ್ನು ಎರಡು ಗುಂಪು ಮಾಡಲಾಗಿತ್ತು. ಫಿಂಗೊಲಿಮೋಡ್ ಮಾತ್ರೆ ಪಡೆದವರಲ್ಲಿ ವರ್ಷಕ್ಕೆ ಸರಾಸರಿ 0.12 ದಾಳಿ, ಇಂಟರ್‌ಫೆರಾನ್ ಚುಚ್ಚುಮದ್ದು ಪಡೆದವರಲ್ಲಿ 0.67. ಅದೇ ವರ್ಷ ಅಮೆರಿಕದಲ್ಲಿ ಈ ಮಾತ್ರೆಗೆ ಮಕ್ಕಳಲ್ಲಿ ಬಳಸಲು ಅನುಮತಿ ಸಿಕ್ಕಿತು. ಪ್ರಬಲ ಔಷಧಗಳಿಗೆ ಅಡ್ಡಪರಿಣಾಮಗಳೂ ಇವೆ: ಸೋಂಕಿನ ಭಯ, ಹೃದಯ ಬಡಿತದ ಮೇಲೆ ಪರಿಣಾಮ ಇತ್ಯಾದಿ. ಯಾವ ಮಗುವಿಗೆ ಆರಂಭದಲ್ಲೇ ಪ್ರಬಲ ಔಷಧ, ಯಾವ ಮಗುವಿಗೆ ಸೌಮ್ಯವಾದದ್ದು ಎಂದು ತೂಗಿ ನೋಡಲು ಮೇಲೆ ಹೇಳಿದ ಸೂಚನೆಗಳೇ ತಕ್ಕಡಿ.

ಇದರ ಫಲ ಕಾಣತೊಡಗಿದೆ. ಇಟಲಿಯಲ್ಲಿ ಬಾಲ್ಯದ ಎಂ.ಎಸ್. ಇರುವ 3,198 ಜನರನ್ನು ರೋಗ ಪತ್ತೆಯಾದ ಕಾಲಕ್ಕೆ ತಕ್ಕಂತೆ ವಿಂಗಡಿಸಿ ನೋಡಿದಾಗ, 1993ಕ್ಕೆ ಮೊದಲು ರೋಗ ಪತ್ತೆಯಾದವರಿಗೆ ಹೋಲಿಸಿದರೆ ಈಚಿನ ಗುಂಪುಗಳಲ್ಲಿ 4 ಮತ್ತು 6ನೆಯ ಹಂತ ಮುಟ್ಟುವ ಅಪಾಯ ಶೇಕಡಾ 50ರಿಂದ 70ರಷ್ಟು ಕಡಿಮೆಯಾಗಿತ್ತು. ಈ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅಂದರೆ 2007ರ ಅಧ್ಯಯನದ ಅಂಕಿಗಳನ್ನು ಇಂದಿನ ಮಗುವಿನ ಭವಿಷ್ಯವೆಂದು ಓದಬಾರದು. ಅವು ಪರಿಣಾಮಕಾರಿ ಔಷಧಗಳಿಲ್ಲದ ಕಾಲದ ಚಿತ್ರ.

ಶಿಕ್ಷಕರ ಗಮನಕ್ಕೆ

* ಒಂದು ಕಣ್ಣು ದಿನಗಳೊಳಗೆ ಮಂಜಾಗಿ, ಹೊರಳಿಸಿದರೆ ನೋವಿದ್ದು, ಬಣ್ಣ ಮಾಸಲಾಗಿ ಕಂಡರೆ ಕನ್ನಡಕದ ಅಂಗಡಿ ಸಾಲದು. ನೇತ್ರತಜ್ಞರು ಕೂಡಲೇ ನೋಡಬೇಕು.
* ಒಂದು ದಿನಕ್ಕಿಂತ ಹೆಚ್ಚು ಉಳಿಯುವ ಜೋಮು, ಬಲಹೀನತೆ, ಎರಡೆರಡಾಗಿ ಕಾಣುವುದು, ತೂರಾಟ, ಮೂತ್ರ ಕಟ್ಟುವುದು ಇವನ್ನು ತಾನಾಗಿ ವಾಸಿಯಾದರೂ ವೈದ್ಯರಿಗೆ ತಿಳಿಸಬೇಕು.
* ತಾರೀಖು ಬರೆದಿಡಿ. ಯಾವಾಗ ಆರಂಭ, ಎಷ್ಟು ದಿನ, ಏನು ಉಳಿಯಿತು ಎಂಬ ಮೂರು ಸಾಲುಗಳು ತಜ್ಞರಿಗೆ ಬಹಳ ಉಪಯುಕ್ತ.
* ಬಿಸಿಲಿನಲ್ಲಿ ಅಥವಾ ಓಟದ ನಂತರ ಹಳೆಯ ತೊಂದರೆ ತಾತ್ಕಾಲಿಕವಾಗಿ ಮರಳಬಹುದು. ಇದು ಹೊಸ ದಾಳಿಯಲ್ಲ. ನೆರಳು, ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ.
* ಇದು ಅಂಟುರೋಗವಲ್ಲ. ಮಗುವನ್ನು ಬೇರೆ ಕೂರಿಸಬೇಕಾಗಿಲ್ಲ.
* 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿದ 21 ಊನತೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಸೇರಿದೆ. ಊನತೆಯ ಪ್ರಮಾಣಪತ್ರ ಪಡೆಯಲು ಪೋಷಕರಿಗೆ ನೆರವಾಗಿ.

ಮತ್ತೆ ನಮ್ಮ ಕಲ್ಪನೆಯ ಹುಡುಗಿಯ ಕಡೆ ಬರೋಣ. ಎಂಟೇ ತಿಂಗಳಲ್ಲಿ ಎರಡನೆಯ ದಾಳಿ, ದೃಷ್ಟಿನರ ಮತ್ತು ಬಹುಶಃ ಮಿದುಳುಬಳ್ಳಿಯ ಹಾನಿ, ಅಪೂರ್ಣ ಚೇತರಿಕೆ: ಮೇಲಿನ ಪಟ್ಟಿಯ ಮೂರು ಅಂಶಗಳು ಅವಳಲ್ಲಿವೆ. ಇವು ಅವಳಿಗೆ ಬೇಗ ಎಂ.ಆರ್.ಐ., ಪ್ರತಿಕಾಯ ಪರೀಕ್ಷೆ ಮತ್ತು ತಕ್ಕ ಔಷಧ ಬೇಕೆಂದು ಹೇಳುತ್ತವೆ. ಬಿಟ್ಟಂಗಾಲದಿಂದ ಮೈಸೂರಿಗೋ ಮಂಗಳೂರಿಗೋ ಬಸ್ಸಿನಲ್ಲಿ ಹಲವು ಗಂಟೆಗಳ ದಾರಿ. ಆ ಪ್ರಯಾಣ ಮೊದಲ ದಾಳಿಯ ನಂತರವೇ ನಡೆಯುತ್ತದೆಯೇ ಅಥವಾ ಮೂರನೆಯದರ ನಂತರವೇ ಎಂಬುದು ಅವಳ ಮುಂದಿನ ನಡಿಗೆಯನ್ನು ಬದಲಿಸಬಲ್ಲದು. ಅದನ್ನು ಮೊದಲು ಗಮನಿಸುವ ಅವಕಾಶ ಅವಳ ತರಗತಿಯಲ್ಲಿ ನಿಂತಿರುವವರಿಗೇ ಇದೆ.